ಮನೆಯಲ್ಲಿ ಬಳಸಲು ಹೆಚ್ಚು ಶಕ್ತಿಯ ವೇಪ್: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಆರಿಸುವ ಬಗೆ

ಸಿಗರೇಟು ಬಿಟ್ಟು ಪಾಡ್ (ದ್ರವದ ಪುಟ್ಟ ಡಬ್ಬಿ ಸಿಕ್ಕಿಸುವ ಸಣ್ಣ ವೇಪ್, ಅಂದರೆ ಇ-ಸಿಗರೇಟು) ಹಿಡಿದವರಲ್ಲಿ ಅನೇಕರಿಗೆ ಕೆಲವು ತಿಂಗಳಲ್ಲಿ ಅದು ಸಾಲದು ಅನ್ನಿಸುತ್ತದೆ. ಆವಿ ತೆಳು, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ, ಪಾಡ್ ಪದೇ ಪದೇ ಬದಲಿಸಬೇಕು. ಆಗ ಕಣ್ಣು ಹೋಗುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ 200 ವಾಟ್, 220 ವಾಟ್ ಎಂದು ಬರೆದ ಮಾಡ್‌ಗಳ, ಅಂದರೆ ಬ್ಯಾಟರಿ ಮತ್ತು ಗುಂಡಿ ಇರುವ ದೊಡ್ಡ ಸಾಧನಗಳ, ಕಡೆಗೆ. ಆ ಸಂಖ್ಯೆಯೊಂದನ್ನೇ ನೋಡಿ ಕೊಂಡರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ಎಷ್ಟು ಆವಿ ಬರಬೇಕು ಅನ್ನುವುದನ್ನು ನಿರ್ಧರಿಸುವುದು ಕಾಯಿಲ್ (ದ್ರವವನ್ನು ಕಾಯಿಸಿ ಆವಿ ಮಾಡುವ, ಹತ್ತಿ ಸುತ್ತಿದ ತಂತಿಯ ಬಿಡಿಭಾಗ) ಮತ್ತು ಗಾಳಿಯ ದಾರಿ. ಆ ಕಾಯಿಲ್ ಕೇಳುವ ಕರೆಂಟನ್ನು ಬಿಸಿಯಾಗದೆ ಕೊಡಬೇಕಾದದ್ದು ಒಳಗಿರುವ ಸೆಲ್, ಅಂದರೆ ಬ್ಯಾಟರಿ. ಡಬ್ಬದ ವಾಟ್ ಕೊನೆಯಲ್ಲಿ ನೋಡಬೇಕಾದ ವಿಷಯ.

ಇದು ಈಗಾಗಲೇ ಸಿಗರೇಟು ಸೇದುತ್ತಿರುವ, ಅಥವಾ ಸಿಗರೇಟಿನಿಂದ ವೇಪ್‌ಗೆ ಬಂದಿರುವ ವಯಸ್ಕರಿಗಾಗಿ ಬರೆದದ್ದು. ಯಾವುದನ್ನೂ ಸೇದದವರು, ಹದಿಹರೆಯದವರು, ಗರ್ಭಿಣಿಯರು ಇದನ್ನು ಶುರುಮಾಡಲೇಬಾರದು. ನಿಕೋಟಿನ್ ಚಟ ಹಿಡಿಸುತ್ತದೆ, ಆವಿಯೂ ನಿರಪಾಯಕಾರಿಯಲ್ಲ. ಸಾಧನದ ಮಾರಾಟ, ಆಮದು ಎಲ್ಲ ಕಡೆ ಕಾನೂನುಬದ್ಧವೂ ಅಲ್ಲ. ಭಾರತದಲ್ಲಿ 2019ರಿಂದ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧವಿದೆ. ಸಿಂಗಪುರದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ನೀವಿರುವ ದೇಶದ ಕಾನೂನನ್ನು ನೋಡಿಕೊಂಡು ಮುಂದುವರಿಯಿರಿ.

ಮೊದಲ ಪ್ರಶ್ನೆ: ನಿಜಕ್ಕೂ ಶಕ್ತಿ ಬೇಕೇ?

ಸಾಲುತ್ತಿಲ್ಲ ಅನ್ನಿಸುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು, ನಿಕೋಟಿನ್ ಕಡಿಮೆಯಾಗಿ ಮನಸ್ಸು ಮತ್ತೆ ಸಿಗರೇಟಿನ ಕಡೆಗೆ ಎಳೆಯುವುದು. ಇನ್ನೊಂದು, ನಿಕೋಟಿನ್ ಸಾಕು, ಆದರೆ ಆವಿ ತೆಳು, ರುಚಿ ಪೇಲವ, ಬ್ಯಾಟರಿ ನಿಲ್ಲುವುದಿಲ್ಲ ಅನ್ನುವುದು. ಮೊದಲ ಕಾರಣಕ್ಕೆ ದೊಡ್ಡ ಮಾಡ್ ಮದ್ದಲ್ಲ. 12 ವಾಟ್‌ನ ಪಾಡ್‌ನಲ್ಲೇ ದ್ರವದ ನಿಕೋಟಿನ್ ಪ್ರಮಾಣವನ್ನು ಸರಿಮಾಡಿಕೊಂಡರೆ ಸಾಕು, ಖರ್ಚೂ ಉಳಿಯುತ್ತದೆ. ಎರಡನೆಯ ಕಾರಣವಿದ್ದರೆ ಮಾತ್ರ ಮುಂದಿನ ಮಾತೆಲ್ಲ ಉಪಯೋಗಕ್ಕೆ ಬರುತ್ತದೆ.

ವಾಟ್ ಏರಿದಂತೆ ದ್ರವವೂ ಅಷ್ಟೇ ಬೇಗ ಖರ್ಚಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಧನವನ್ನು ಒಂದೇ ಸಲ ಕೊಳ್ಳುತ್ತೀರಿ. ದ್ರವ, ಕಾಯಿಲ್ ಪ್ರತಿ ತಿಂಗಳ ಖರ್ಚು. ವರ್ಷ ಕಳೆದ ಮೇಲೆ ಕೂಡಿ ನೋಡಿದರೆ ಮಾಡ್‌ನ ಬೆಲೆ ಒಟ್ಟು ಖರ್ಚಿನ ಸಣ್ಣ ಪಾಲು ಮಾತ್ರ. ಅಗ್ಗದ ಸಾಧನ ಅಂದರೆ ಕಾಯಿಲ್ ಸುಲಭವಾಗಿ ಸಿಗುವ, ಸೆಲ್ ಬದಲಿಸಬಹುದಾದ ಸಾಧನ ಎಂದು ಅರ್ಥಮಾಡಿಕೊಳ್ಳಬೇಕು.

ಕಾಯಿಲ್‌ನಿಂದ ಶುರುಮಾಡಿ

ಎಳೆತದಲ್ಲಿ ಸ್ಥೂಲವಾಗಿ ಮೂರು ಬಗೆ. ಸಿಗರೇಟಿನ ಹಾಗೆ ಮೊದಲು ಬಾಯಿಗೆ, ಆಮೇಲೆ ಎದೆಗೆ ಎಳೆಯುವವರಿಗೆ 0.8ರಿಂದ 1.2 ಓಮ್ (ತಂತಿ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಕಾಯಿಲ್, 10ರಿಂದ 18 ವಾಟ್. ಸ್ವಲ್ಪ ಸಡಿಲವಾಗಿ ನೇರ ಎದೆಗೆ ಎಳೆಯುವವರಿಗೆ 0.3ರಿಂದ 0.6 ಓಮ್, 20ರಿಂದ 40 ವಾಟ್. ಪೂರ್ತಿ ತೆರೆದ ಗಾಳಿದಾರಿಯಲ್ಲಿ ದೊಡ್ಡ ಆವಿ ಬೇಕೆನ್ನುವವರಿಗೆ 0.15ರಿಂದ 0.2 ಓಮ್, 50ರಿಂದ 80 ವಾಟ್. ಪಾಡ್‌ನಿಂದ ಬಂದವರು ನೇರವಾಗಿ ಮೂರನೆಯದಕ್ಕೆ ಹಾರುವುದು ಸಾಮಾನ್ಯ ತಪ್ಪು. ನಮ್ಮ ಸಲಹೆ ನಡುವಿನದು. 0.3 ಓಮ್ ಮೆಶ್ (ಜಾಲರಿ) ಕಾಯಿಲ್ 35 ವಾಟ್‌ನಲ್ಲಿ ಕೊಡುವ ಆವಿ, ಪಾಡ್‌ಗೆ ಒಗ್ಗಿದ ಬಾಯಿಗೆ ದೊಡ್ಡ ಬದಲಾವಣೆಯೇ. ದ್ರವವೂ ಕೈಮೀರಿ ಖರ್ಚಾಗುವುದಿಲ್ಲ.

ಕಾಯಿಲ್‌ನ ಲೋಹದ ಮೈಮೇಲೇ ಓಮ್ ಮತ್ತು ವಾಟ್ ವ್ಯಾಪ್ತಿ ಕೆತ್ತಿರುತ್ತದೆ. ಬಹಳ ಕಡೆ ಸಿಗುವ ವೂಪೂ ಕಂಪನಿಯ ಪಿಎನ್‌ಪಿ ಕಾಯಿಲ್ ಸರಣಿಯನ್ನೇ ತೆಗೆದುಕೊಳ್ಳಿ: ವಿಎಂ1 ಅನ್ನುವುದು 0.3 ಓಮ್, 32ರಿಂದ 40 ವಾಟ್. ವಿಎಂ5 ಅನ್ನುವುದು 0.2 ಓಮ್, 40ರಿಂದ 60 ವಾಟ್. ವಿಎಂ6 ಅನ್ನುವುದು 0.15 ಓಮ್, 60ರಿಂದ 80 ವಾಟ್. ಒಂದೇ ಟ್ಯಾಂಕ್‌ಗೆ (ದ್ರವ ತುಂಬುವ, ಕಾಯಿಲ್ ಕೂರಿಸುವ ಭಾಗಕ್ಕೆ) ಮೂರೂ ಕೂರುತ್ತವೆ. ಹೀಗೆ ಹಲವು ಓಮ್‌ಗಳಲ್ಲಿ ಸಿಗುವ ಕಾಯಿಲ್ ಸರಣಿಗೆ ಹೊಂದುವ ಟ್ಯಾಂಕ್ ಆರಿಸಿಕೊಂಡರೆ ಮನಸ್ಸು ಬದಲಾದಾಗ ಕಾಯಿಲ್ ಬದಲಿಸಿದರೆ ಮುಗಿಯಿತು, ಸಾಧನ ಬದಲಿಸಬೇಕಿಲ್ಲ. ಹೊಸದಾಗಿ ಬಂದ, ಒಂದೇ ಮಾದರಿಗೆ ಮಾತ್ರ ಹೊಂದುವ ಕಾಯಿಲ್‌ನ ಸಾಧನ ಎಷ್ಟೇ ಅಗ್ಗವಾಗಿದ್ದರೂ ಬಿಡಿ. ಆ ಕಾಯಿಲ್ ತಯಾರಿಕೆ ನಿಂತ ದಿನ ಸಾಧನವೂ ಮೂಲೆಗೆ ಬೀಳುತ್ತದೆ.

ಮೇಲಿನ ಯಾವ ಕಾಯಿಲೂ 80 ವಾಟ್ ದಾಟುವುದಿಲ್ಲ ಅನ್ನುವುದನ್ನು ಗಮನಿಸಿ. ಇಂಥ ಕಾಯಿಲ್ ಬಳಸುವವರಿಗೆ 220 ವಾಟ್‌ನ ಮಾಡ್ ಹೆಚ್ಚೇನೂ ಕೊಡದು.

ಸೆಲ್‌ನ ಲೆಕ್ಕ

ಪರದೆಯಿರುವ ಮಾಡ್ ನೀವು ಒತ್ತಿಟ್ಟ ವಾಟ್ ಅನ್ನು ಹೇಗಾದರೂ ಕಾಯಿಲ್‌ಗೆ ತಲುಪಿಸುತ್ತದೆ. ಸೆಲ್‌ನ ವೋಲ್ಟ್ ಇಳಿದರೆ ಅದರಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಹೀಗಾಗಿ ಸೆಲ್ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದು ಚಾರ್ಜ್ ತುಂಬಿದಾಗ ಅಲ್ಲ, ಮುಗಿಯುತ್ತಾ ಬಂದಾಗ. ಲೆಕ್ಕ ಸುಲಭ: ವಾಟ್ ಅನ್ನು ಸೆಲ್‌ನ ಕನಿಷ್ಠ ವೋಲ್ಟ್‌ನಿಂದ ಭಾಗಿಸಿ, ಬೋರ್ಡ್‌ನಲ್ಲಿ (ಕರೆಂಟ್ ನಿಯಂತ್ರಿಸುವ ಒಳಗಿನ ಎಲೆಕ್ಟ್ರಾನಿಕ್ ಭಾಗದಲ್ಲಿ) ಆಗುವ ನಷ್ಟಕ್ಕಾಗಿ ಮತ್ತೆ 0.9ರಿಂದ ಭಾಗಿಸಿ. ಕನಿಷ್ಠ ವೋಲ್ಟ್ 3.2 ಎಂದಿಟ್ಟುಕೊಂಡರೆ ಒಂದು ಸೆಲ್‌ನ ಮಾಡ್‌ನಲ್ಲಿ 40 ವಾಟ್‌ಗೆ ಸುಮಾರು 14 ಆಂಪ್, 60 ವಾಟ್‌ಗೆ ಸುಮಾರು 21 ಆಂಪ್, 80 ವಾಟ್‌ಗೆ ಸುಮಾರು 28 ಆಂಪ್. ಇಲ್ಲಿ ಓಮ್ ಬರುವುದೇ ಇಲ್ಲ. ಈ ಬಗೆಯ ಮಾಡ್‌ನಲ್ಲಿ ಸೆಲ್‌ಗೆ ಮುಖ್ಯವಾದದ್ದು ವಾಟ್ ಮಾತ್ರ.

ಈ ಸಂಖ್ಯೆಯನ್ನು ಸೆಲ್ ತಡೆದುಕೊಳ್ಳುವ ನಿರಂತರ ಕರೆಂಟ್ ಜೊತೆ ಹೋಲಿಸಿ. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ 18650 ಸೆಲ್‌ಗಳಲ್ಲಿ ಸ್ಯಾಮ್‌ಸಂಗ್ 25ಆರ್ ಅನ್ನುವುದು 2500 ಎಂಎಎಚ್ (ಸೆಲ್‌ನ ಶೇಖರಣೆಯ ಅಳತೆ), 20 ಆಂಪ್. ಸ್ಯಾಮ್‌ಸಂಗ್ 30ಕ್ಯೂ ಅನ್ನುವುದು 3000 ಎಂಎಎಚ್, ಆದರೆ 15 ಆಂಪ್. ಇದು ಕಾಕತಾಳೀಯವಲ್ಲ. ಅದೇ ಗಾತ್ರದ ಡಬ್ಬಿಯೊಳಗೆ ಹೆಚ್ಚು ಶೇಖರಣೆ ತುಂಬಬೇಕಾದರೆ ಕರೆಂಟ್ ಕೊಡುವ ತಾಕತ್ತನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಹಾಗಾಗಿ ಶಕ್ತಿ ಬೇಕೆನ್ನುವವರು ಎಂಎಎಚ್ ಹೆಚ್ಚಿರುವುದನ್ನು ಹುಡುಕುವುದು ಎಡವಟ್ಟು. 60 ವಾಟ್ ಮೇಲೆ ಒಂದೇ ಸೆಲ್‌ನಲ್ಲಿ ಓಡಿಸಬೇಕಿದ್ದರೆ 21 ಮಿಲಿಮೀಟರ್ ಅಗಲದ 21700 ಗಾತ್ರಕ್ಕೆ ಹೋಗಿ; ಮಾಲಿಸೆಲ್ ಪಿ42ಎ ಅಂಥದ್ದು, 4200 ಎಂಎಎಚ್ ಇದ್ದೂ ಹೆಚ್ಚಿನ ಕರೆಂಟ್ ತಾಳುತ್ತದೆ.

ಹೊದಿಕೆಯ ಮೇಲೆ 40 ಆಂಪ್, 5000 ಎಂಎಎಚ್, 9900 ಎಂಎಎಚ್ ಎಂದೆಲ್ಲ ಬರೆದ 18650 ಸೆಲ್ ಕಂಡರೆ ಅಲ್ಲಿಂದ ಎದ್ದು ಬನ್ನಿ. ಆ ಗಾತ್ರದಲ್ಲಿ 3600 ಎಂಎಎಚ್ ಆಸುಪಾಸಿಗಿಂತ ಹೆಚ್ಚು ಎಂದು ಬರೆದದ್ದನ್ನು ನಂಬಬೇಡಿ. ಅಡುಗೆಮನೆಯ ತಕ್ಕಡಿ ಇದ್ದರೆ ತೂಗಿ ನೋಡಿ: ಅಸಲಿ 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. 35 ಗ್ರಾಂ ಬಂದರೆ ಒಳಗೆ ಬೇರೇನೋ ಇದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಅಂತೂ ಈ ಕೆಲಸಕ್ಕೆ ಬೇಡವೇ ಬೇಡ. ಅವು ನಿಧಾನವಾಗಿ ಕರೆಂಟ್ ಕೊಡಲು ಮಾಡಿದವು.

ಮನೆ ಬಳಕೆಗೆ ಎರಡು ಸೆಲ್

ಮನೆಯಲ್ಲೇ ಬಳಸುವುದಾದರೆ ಜೇಬಿಗೆ ಹಿಡಿಸಬೇಕೆಂಬ ಹಂಗಿಲ್ಲ. ಆಗ ಎರಡು 18650 ಸೆಲ್ ಹಾಕುವ ಮಾಡ್ ಅತ್ಯಂತ ಲಾಭದ ಆಯ್ಕೆ. ಹೆಚ್ಚಿನ ಇಂಥ ಮಾಡ್‌ಗಳಲ್ಲಿ ಸೆಲ್‌ಗಳು ಸರಣಿಯಲ್ಲಿ, ಅಂದರೆ ಒಂದರ ತುದಿಗೆ ಇನ್ನೊಂದು ಜೋಡಿಸಿದ ಹಾಗೆ, ಇರುತ್ತವೆ, ವೋಲ್ಟ್ ಇಮ್ಮಡಿಯಾಗುತ್ತದೆ. ಹಾಗಾಗಿ 80 ವಾಟ್‌ಗೂ ಪ್ರತಿ ಸೆಲ್ ಮೇಲೆ ಬೀಳುವುದು 14 ಆಂಪ್ ಮಾತ್ರ. 20 ಆಂಪ್‌ನ ಸಾಮಾನ್ಯ ಸೆಲ್ ಅದನ್ನು ತಣ್ಣಗೆ ನಿಭಾಯಿಸುತ್ತದೆ.

ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನೂ ಕೂಡಿಸಿ ನೋಡೋಣ. 2500 ಎಂಎಎಚ್ ಸೆಲ್‌ನಲ್ಲಿರುವುದು 9 ವಾಟ್-ಅವರ್. ಬೋರ್ಡ್ ನಷ್ಟ ಕಳೆದರೆ 8.1. ಅದನ್ನು 60 ವಾಟ್‌ನಲ್ಲಿ ಸುಟ್ಟರೆ 8 ನಿಮಿಷ ಚಿಲ್ಲರೆ; 3 ಸೆಕೆಂಡಿನ ಎಳೆತದಲ್ಲಿ ಸುಮಾರು 160 ಸಲ. ಎರಡು ಸೆಲ್ ಇದ್ದರೆ 320 ಸಲ. ಅದೇ ಒಂದು ಸೆಲ್ 15 ವಾಟ್‌ನಲ್ಲಿ 640 ಸಲ ಬರುತ್ತದೆ. ಇದು ಕಾಗದದ ಲೆಕ್ಕ. ಹೆಚ್ಚು ಕರೆಂಟ್ ಎಳೆದಾಗ ವೋಲ್ಟ್ ಕುಸಿಯುವುದರಿಂದ ನಿಜದಲ್ಲಿ ಇನ್ನಷ್ಟು ಕಡಿಮೆಯೇ ಸಿಗುತ್ತದೆ. ಬ್ಯಾಟರಿ ನಿಲ್ಲುತ್ತಿಲ್ಲ ಎಂದು ದೊಡ್ಡ ಸಾಧನ ಕೊಂಡು ಅದನ್ನು 70 ವಾಟ್‌ನಲ್ಲಿಟ್ಟರೆ ದೂರು ಮತ್ತೆ ಅದೇ ಆಗುತ್ತದೆ.

ಬ್ಯಾಟರಿ ಒಳಗೇ ಕೂರಿಸಿರುವ ಸಾಧನ ಮೊದಲು ಅಗ್ಗ ಅನ್ನಿಸುತ್ತದೆ. ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಅದರ ಶೇಖರಣೆ ಇಳಿಯತೊಡಗುತ್ತದೆ, ದಿನವೂ ಬಳಸುವವರಿಗೆ ಅದು ಒಂದೆರಡು ವರ್ಷದ ಮಾತು. ಆಮೇಲೆ ಇಡೀ ಸಾಧನವನ್ನೇ ಬಿಸಾಡಬೇಕು. ಸೆಲ್ ತೆಗೆಯಬಹುದಾದ ಮಾಡ್‌ನಲ್ಲಿ ಎರಡು ಸೆಲ್ ಬದಲಿಸಿದರೆ ಸಾಧನ ಮತ್ತೆ ಹೊಸದು.

ಎರಡು ಸೆಲ್‌ಗಳನ್ನು ಗಂಡ ಹೆಂಡಿರ ಹಾಗೆ ಜೋಡಿ ಮಾಡಿ. ಒಂದೇ ಮಾದರಿ, ಒಂದೇ ದಿನ ಕೊಂಡದ್ದು, ಒಟ್ಟಿಗೇ ಚಾರ್ಜ್, ಒಟ್ಟಿಗೇ ಬಳಕೆ. ಹೊದಿಕೆಯ ಮೇಲೆ ಪೆನ್ನಿನಿಂದ 1ಅ, 1ಆ ಎಂದು ಬರೆದಿಡಿ. ಹೊಸದರ ಜೊತೆ ಹಳೆಯದನ್ನು ಹಾಕಿದರೆ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಮತ್ತೊಂದರ ಒತ್ತಡಕ್ಕೆ ಅದು ಮಿತಿಗಿಂತ ಕೆಳಗೆ ಇಳಿದು ಹಾಳಾಗುತ್ತದೆ.

ಚಾರ್ಜ್ ಮಾಡಲು ಪ್ರತ್ಯೇಕ ಚಾರ್ಜರ್ ಕೊಳ್ಳಿ. ಮಾಡ್‌ನಲ್ಲಿ ಉಳಿಸಿದ ದುಡ್ಡು ಇಲ್ಲಿಗೆ ಬರಲಿ. ಪ್ರತಿ ಸೆಲ್‌ನ ವೋಲ್ಟ್ ಬೇರೆ ಬೇರೆಯಾಗಿ ತೋರಿಸುವ, 4.2 ವೋಲ್ಟ್‌ಗೆ ನಿಲ್ಲುವ ಚಾರ್ಜರ್ ಬೇಕು. 1 ಆಂಪ್ ವೇಗ ಸಾಕು, 2500 ಎಂಎಎಚ್ ಸೆಲ್ ತುಂಬಲು ಮೂರು ಗಂಟೆ ಹಿಡಿಯುತ್ತದೆ. ಹಾಸಿಗೆ, ಸೋಫಾ ಮೇಲಲ್ಲ. ಕಲ್ಲು ಅಥವಾ ಟೈಲ್ಸ್ ಮೇಲಿಟ್ಟು, ಎಚ್ಚರವಿರುವಾಗಲೇ ಚಾರ್ಜ್ ಮಾಡಿ.

ಸೆಲ್‌ನ ತಲೆಯನ್ನು ಹತ್ತಿರದಿಂದ ನೋಡಿ

ಸೆಲ್ ಅನ್ನು ಬೆಳಕಿಗೆ ಹಿಡಿದು ಮೇಲ್ತುದಿ ನೋಡಿ. ನಡುವೆ ಧನ ತುದಿಯ ಬಿಲ್ಲೆ, ಅದರ ಸುತ್ತ ಬಿಳಿ ಕಾಗದದ ಉಂಗುರ, ಉಂಗುರದ ಹೊರಗೆ ಪ್ಲಾಸ್ಟಿಕ್ ಹೊದಿಕೆಯ ಮಡಿಕೆ. ಆ ಹೊದಿಕೆಯ ಕೆಳಗಿರುವ ಲೋಹದ ಅಂಚು ಋಣ ತುದಿ. ಕೆಳಗಿನ ತಳವಷ್ಟೇ ಋಣ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ, ಡಬ್ಬಿಯ ಇಡೀ ಮೈಯೇ ಋಣ. ಅಂದರೆ ಧನಕ್ಕೂ ಋಣಕ್ಕೂ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಅಗಲದ ಕಾಗದ ಮಾತ್ರ. ಆ ಜಾಗದಲ್ಲಿ ಹೊದಿಕೆ ಉಗುರಿನಷ್ಟು ಹರಿದಿದ್ದರೂ ಮಾಡ್‌ನ ಲೋಹದ ಸಂಪರ್ಕ ಎರಡನ್ನೂ ಮುಟ್ಟಿ ಶಾರ್ಟ್ ಆಗಬಹುದು. ಹರಿದ ಹೊದಿಕೆಯ ಸೆಲ್ ಬಳಸಬೇಡಿ. ಹೊಸ ಹೊದಿಕೆಯ ಕೊಳವೆ ತುಂಬ ಅಗ್ಗ. ಹೇರ್ ಡ್ರೈಯರ್‌ನ ಬಿಸಿಗಾಳಿಗೆ ಹಿಡಿದರೆ ಸೆಲ್‌ಗೆ ಅಂಟಿ ಕುಗ್ಗುತ್ತದೆ. ಬಿಳಿ ಉಂಗುರವನ್ನು ಮರಳಿ ಇಡಲು ಮಾತ್ರ ಮರೆಯಬೇಡಿ. ಸೆಲ್ ಜಜ್ಜಿಹೋಗಿದ್ದರೆ, ತಳದಲ್ಲಿ ತುಕ್ಕು ಅಥವಾ ಸಿಹಿ ರಾಸಾಯನಿಕ ವಾಸನೆ ಇದ್ದರೆ ಹೊದಿಕೆ ಹಾಕಿ ಉಳಿಸುವ ಪ್ರಯತ್ನ ಬೇಡ.

ಬಿಡಿ ಸೆಲ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ನಾಣ್ಯದ ಜೊತೆ ಹಾಕಿಕೊಂಡು ಸುಟ್ಟಗಾಯ ಮಾಡಿಕೊಂಡ ಪ್ರಕರಣಗಳು ಹಲವು.

ಮಾಡ್ ಕೈಗೆ ಬಂದಾಗ

ಪರದೆ, ಬೋರ್ಡ್ ಇರುವ ಮಾಡ್ ಅನ್ನೇ ಆರಿಸಿ. ಬೋರ್ಡ್ ಇಲ್ಲದ ಮೆಕ್ಯಾನಿಕಲ್ ಮಾಡ್ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ತಡೆಯುವವರು ಯಾರೂ ಇಲ್ಲ. 4.2 ವೋಲ್ಟ್‌ನ ಸೆಲ್‌ಗೆ 0.2 ಓಮ್ ಕಾಯಿಲ್ ಹಾಕಿದರೆ ನೇರ 21 ಆಂಪ್ ಹರಿಯುತ್ತದೆ. ಗುಂಡಿ ಸಿಕ್ಕಿಕೊಂಡರೆ ಹರಿಯುತ್ತಲೇ ಇರುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಸೆಲ್ ಕೋಣೆಯ ಬಾಗಿಲು ಅಲುಗಾಡಬಾರದು, ಒಳಗೆ ಧನ ಋಣ ಗುರುತು ಸ್ಪಷ್ಟವಾಗಿರಬೇಕು, ತಳದಲ್ಲೋ ಪಕ್ಕದಲ್ಲೋ ಅನಿಲ ಹೊರಹೋಗುವ ರಂಧ್ರ ಕಾಣಬೇಕು. ಸೆಲ್ ಹೊರತೆಗೆಯುವಾಗ ರಿಬ್ಬನ್ ಅಥವಾ ಸ್ಪ್ರಿಂಗ್ ಹೊದಿಕೆಯನ್ನು ಕೆರೆಯುತ್ತದೆಯೇ ನೋಡಿ; ಅಗ್ಗದ ಮಾಡ್‌ಗಳಲ್ಲಿ ಇದೇ ದೊಡ್ಡ ದೋಷ. ಟ್ಯಾಂಕ್ ಕೂರಿಸಿ ಪರದೆಯ ಓಮ್ ಓದಿ: ಕಾಯಿಲ್ ಮೇಲೆ ಬರೆದದ್ದಕ್ಕಿಂತ 0.02 ಆಚೀಚೆ ಇದ್ದರೆ ಅಡ್ಡಿಯಿಲ್ಲ. ಅಲುಗಿಸಿದಾಗಲೆಲ್ಲ ಸಂಖ್ಯೆ ಕುಣಿದರೆ ಟ್ಯಾಂಕ್ ತಿರುಗಿಸಿ ಕೂರಿಸುವ 510 ಸಂಪರ್ಕದ ನಡುವಿನ ಪಿನ್ ಸಡಿಲವಾಗಿದೆ ಅಥವಾ ಅಲ್ಲಿ ದ್ರವ ಸೇರಿದೆ. ಒಣಬಟ್ಟೆಯಿಂದ ಒರೆಸಿ ಮತ್ತೆ ನೋಡಿ, ಆಗಲೂ ಕುಣಿದರೆ ಹಿಂದಿರುಗಿಸಿ.

ಟ್ಯಾಂಕ್‌ನಲ್ಲಿ ಗಾಳಿದಾರಿ ಮೇಲ್ಭಾಗದಲ್ಲಿದ್ದರೆ ಸೋರಿಕೆ ಕಡಿಮೆ, ಕೆಳಭಾಗದಲ್ಲಿದ್ದರೆ ರುಚಿ ಸ್ವಲ್ಪ ಹೆಚ್ಚು. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿಡುವ ಸಾಧನಕ್ಕೆ ಎರಡೂ ನಡೆಯುತ್ತದೆ. ಗಾಜು, ಒ-ರಿಂಗ್ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ದ್ರವ ಬದಲಾಗಲೇಬೇಕು

ಇಲ್ಲಿ ಆಗುವ ತಪ್ಪು ನೇರವಾಗಿ ಮೈಮೇಲೆ ಬರುತ್ತದೆ. ಪಾಡ್‌ನಲ್ಲಿ ಬಳಸುತ್ತಿದ್ದ, ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಸಾಲ್ಟ್ (ಗಂಟಲಿಗೆ ಮೃದುವಾದ ನಿಕೋಟಿನ್ ರೂಪ) ಇರುವ ದ್ರವವನ್ನು 60 ವಾಟ್‌ನ ಟ್ಯಾಂಕ್‌ಗೆ ಸುರಿಯಬೇಡಿ. ಒಂದೊಂದು ಎಳೆತಕ್ಕೆ ಹಲವು ಪಟ್ಟು ದ್ರವ ಆವಿಯಾಗುವುದರಿಂದ ನಿಕೋಟಿನ್ ಕೂಡ ಹಲವು ಪಟ್ಟು ಒಳಗೆ ಹೋಗುತ್ತದೆ. ತಲೆಸುತ್ತು, ವಾಕರಿಕೆ, ಬೆವರು, ಎದೆಬಡಿತ ಬಂದರೆ ತಕ್ಷಣ ನಿಲ್ಲಿಸಿ, ಹೊರಗಾಳಿಗೆ ಬನ್ನಿ. ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಿ. 30-40 ವಾಟ್‌ಗೆ 6 ಮಿಲಿಗ್ರಾಂ, 50 ದಾಟಿದರೆ 3 ಮಿಲಿಗ್ರಾಂ ಸಾಮಾನ್ಯ ಅಳತೆ.

ದಪ್ಪವೂ ಮುಖ್ಯ. ಪಾಡ್‌ನ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ತರಕಾರಿ ಗ್ಲಿಸರಿನ್ ಅರ್ಧರ್ಧ ಇರುತ್ತವೆ, ತೆಳ್ಳಗಿರುತ್ತದೆ; ದೊಡ್ಡ ರಂಧ್ರದ ಕಾಯಿಲ್‌ಗೆ ಅದನ್ನು ಹಾಕಿದರೆ ಗಾಳಿದಾರಿಯಿಂದ ಸೋರುತ್ತದೆ. ಅಲ್ಲಿಗೆ 70 ಪಾಲು ಗ್ಲಿಸರಿನ್, 30 ಪಾಲು ಗ್ಲೈಕಾಲ್ ಇರುವುದು ಬೇಕು. ಇದನ್ನೇ 1 ಓಮ್ ಕಾಯಿಲ್‌ಗೆ ಹಾಕಿದರೆ ಹತ್ತಿಗೆ ಬೇಗ ಏರದೆ ಸುಡುತ್ತದೆ. ಎಣ್ಣೆ ಅಂಶದ ಯಾವುದೂ ಟ್ಯಾಂಕ್‌ಗೆ ಬೇಡ, ಅಡುಗೆಯ ಎಸೆನ್ಸ್ ಕೂಡ ಬೇಡ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಹಾನಿಯ ಪ್ರಕರಣಗಳು ಸಾಲುಸಾಲಾಗಿ ಬಂದಾಗ ಪತ್ತೆಯಾದ ಮುಖ್ಯ ಕಾರಣ ಗಾಂಜಾ ಅಂಶದ ಕಾರ್ಟ್ರಿಜ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು. ಯಾರು ತಯಾರಿಸಿದರು, ಏನು ಹಾಕಿದರು ಎಂದು ಬರೆಯದ ಬಾಟಲಿ ಮುಟ್ಟಬೇಡಿ.

ಹೊಸ ಕಾಯಿಲ್‌ನ ಮೊದಲ ಅರ್ಧ ಗಂಟೆ

ಬದಿಯ ರಂಧ್ರಗಳಲ್ಲಿ ಕಾಣುವ ಬಿಳಿ ಹತ್ತಿಯ ಮೇಲೆ ಒಂದೊಂದು ಹನಿ, ಒಳಗಿನ ಕೊಳವೆಗೆ ಎರಡು ಹನಿ ದ್ರವ ಬಿಡಿ. ಹತ್ತಿಯ ಬಣ್ಣ ಒದ್ದೆಯಾಗಿ ಬದಲಾಗುವುದು ಕಾಣುತ್ತದೆ. ಟ್ಯಾಂಕ್ ತುಂಬಿಸಿ ಕನಿಷ್ಠ ಹತ್ತು ನಿಮಿಷ ಬಿಡಿ. ಗ್ಲಿಸರಿನ್ ಹೆಚ್ಚಿರುವ ದ್ರವಕ್ಕೆ, ಚಳಿಯ ದಿನಗಳಲ್ಲಿ ಹದಿನೈದಿಪ್ಪತ್ತು ನಿಮಿಷ ಬೇಕು. ಗುಂಡಿ ಒತ್ತದೆ ನಾಲ್ಕೈದು ಸಲ ಗಾಳಿ ಎಳೆಯಿರಿ. ಆಮೇಲೆ ಕಾಯಿಲ್ ಮೇಲೆ ಬರೆದ ಕನಿಷ್ಠ ವಾಟ್‌ಗಿಂತ 5 ಕೆಳಗಿಟ್ಟು ಶುರುಮಾಡಿ, ಹತ್ತು ಎಳೆತಕ್ಕೊಮ್ಮೆ 5 ವಾಟ್ ಏರಿಸಿ. ರುಚಿ ತುಂಬಿಬಂದ ಕಡೆ ನಿಲ್ಲಿಸಿ. ಬಹಳಷ್ಟು ಸಲ ಅದು ವ್ಯಾಪ್ತಿಯ ನಡುವೆಯೇ ಸಿಗುತ್ತದೆ.

ಹತ್ತಿ ಒಣಗಿರುವಾಗ ಕಾಯಿಲ್ ಕಾದರೆ ಗಂಟಲು ಹರಿದಂತಾಗುವ ಸುಟ್ಟ ಘಾಟು ಬರುತ್ತದೆ. ಅದನ್ನು ತಡೆದುಕೊಂಡು ಸೇದಬಾರದು. ದ್ರವ ಆವಿಯಾಗುತ್ತಿರುವಾಗ ಅದೇ ಕಾಯಿಲ್‌ನ ಬಿಸಿಯನ್ನು ಹಿಡಿದಿಡುತ್ತದೆ. ದ್ರವ ಇಲ್ಲದಾಗ ಬಿಸಿ ಏರಿ ಗ್ಲಿಸರಿನ್, ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ವಿಷವಸ್ತುಗಳು ಹುಟ್ಟುತ್ತವೆ. ಒಮ್ಮೆ ಸುಟ್ಟ ಹತ್ತಿ ಸರಿಹೋಗುವುದಿಲ್ಲ, ಕಾಯಿಲ್ ಬದಲಿಸಬೇಕು. ಬಿಡುವಿಲ್ಲದೆ ಒಂದರ ಹಿಂದೆ ಒಂದು ಎಳೆದರೂ ಹೀಗೇ ಆಗುತ್ತದೆ. ಎರಡು ಎಳೆತದ ನಡುವೆ ಅರ್ಧ ನಿಮಿಷವಾದರೂ ಬಿಡಿ. ಗಾಳಿದಾರಿಯನ್ನು ಮುಕ್ಕಾಲು ಮುಚ್ಚಿಕೊಂಡು 60 ವಾಟ್ ಒತ್ತುವುದೂ ಬೇಡ. ತಂಪು ಮಾಡಲು ಗಾಳಿ ಸಾಲದೆ ಟ್ಯಾಂಕ್ ಕೈಗೆ ಸುಡುವಷ್ಟಾಗುತ್ತದೆ.

ಗೊರಗೊರ ಸದ್ದು, ಬಾಯಿಗೆ ಹನಿ ಚಿಮ್ಮುವುದು ಇದರ ತದ್ವಿರುದ್ಧ. ವಾಟ್ ತೀರಾ ಕಡಿಮೆಯಾಗಿ ದ್ರವ ಆವಿಯಾಗದೆ ಕೊಳವೆಯಲ್ಲಿ ನಿಂತಿದೆ. ಟಿಶ್ಯೂ ಸುರುಳಿ ಮಾಡಿ ಕೊಳವೆಯೊಳಗೆ ಇಳಿಸಿ ಹೀರಿಸಿ, 5 ವಾಟ್ ಏರಿಸಿ. ಮೂರ್ನಾಲ್ಕು ದಿನಕ್ಕೇ ಕಾಯಿಲ್ ಕಪ್ಪಾಗಿ ರುಚಿ ಕೆಟ್ಟರೆ ತಪ್ಪು ಕಾಯಿಲ್‌ದಲ್ಲ, ದ್ರವದಲ್ಲಿರುವ ಸಿಹಿಕಾರಕ ತಂತಿಯ ಮೇಲೆ ಅಂಟುತ್ತಿದೆ. ಸಿಹಿ ಕಡಿಮೆಯ ದ್ರವ ಹಾಕಿದರೆ ಒಂದೆರಡು ವಾರ ಬರುತ್ತದೆ. ಕಾಯಿಲ್ ಖರ್ಚು ಇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಚಾರ್ಜ್ ಅರ್ಧ ಇರುವಾಗಲೇ ಪರದೆಯಲ್ಲಿ ಬ್ಯಾಟರಿ ದುರ್ಬಲ ಎಂಬ ಸೂಚನೆ ಬಂದರೆ, ಸೆಲ್ ಮುದಿಯಾಗಿದೆ ಅಥವಾ ಅಷ್ಟು ವಾಟ್‌ಗೆ ತಕ್ಕದ್ದಲ್ಲ; 15 ವಾಟ್ ಇಳಿಸಿ ನೋಡಿ, ಸೂಚನೆ ಹೋದರೆ ಹೊಸ ಜೋಡಿ ಕೊಳ್ಳುವ ಕಾಲ ಬಂದಿದೆ.

ಮನೆಯೊಳಗೆ

ಮಕ್ಕಳಿರುವ ಕೋಣೆಯಲ್ಲಿ ಬೇಡ. ದೊಡ್ಡ ಆವಿ ಕಿಟಕಿ ಗಾಜಿನ ಮೇಲೆ ಜಿಡ್ಡಿನ ತೆಳುಪರದೆಯಾಗಿ ಕೂರುತ್ತದೆ. ಅದೇ ಗಾಳಿಯನ್ನು ಮನೆಯವರೂ ಉಸಿರಾಡುತ್ತಾರೆ. ಕಿಟಕಿ ತೆರೆದ ಬಾಲ್ಕನಿಯೇ ಸರಿಯಾದ ಜಾಗ. ನಿಕೋಟಿನ್ ದ್ರವ ಸಣ್ಣ ಮಗುವಿಗೆ, ನಾಯಿ ಬೆಕ್ಕಿಗೆ ಪ್ರಾಣಾಂತಿಕವಾಗಬಹುದು. ಹಣ್ಣಿನ ಪರಿಮಳ, ಬಣ್ಣದ ಬಾಟಲಿ ಮಗುವಿನ ಕೈಯನ್ನು ಕರೆಯುವಂಥವು. ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳವಿದ್ದರೂ ಬೀಗ ಹಾಕುವ ಕಪಾಟಿನಲ್ಲೇ ಇಡಿ. ಕೈಗೆ ಚೆಲ್ಲಿದರೆ ಸೋಪಿನಿಂದ ತೊಳೆಯಿರಿ. ಮಗು ನೆಕ್ಕಿದೆ ಎಂದು ಅನುಮಾನ ಬಂದರೂ ಕಾಯದೆ ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ.

ಬಳಸದಿರುವಾಗ ಗುಂಡಿಯನ್ನು ಐದು ಸಲ ಒತ್ತಿ ಮಾಡ್ ಆಫ್ ಮಾಡಿಡಿ. ಕೆಲವು ವಾರ ಬಳಸುವುದಿಲ್ಲವಾದರೆ ಸೆಲ್ ತೆಗೆದು ಅರ್ಧ ಚಾರ್ಜ್‌ನಲ್ಲಿ, ಅಂದರೆ 3.7 ವೋಲ್ಟ್ ಆಸುಪಾಸಿನಲ್ಲಿ, ತಂಪಾದ ಜಾಗದಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಸೆಲ್‌ನಿಂದ ಬುಸ್ ಎಂಬ ಸದ್ದು ಬಂದರೆ, ಸೆಲ್ ಉಬ್ಬಿದರೆ ಅಥವಾ ಹೊಗೆ ಕಂಡರೆ ಎತ್ತಲು ಹೋಗದೆ ದೂರ ಸರಿಯಿರಿ, ಮನೆಯವರನ್ನು ಹೊರಗೆ ಕಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ. ಆಯುಸ್ಸು ಮುಗಿದ ಸೆಲ್‌ನ ಎರಡೂ ತುದಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ, ಮನೆಯ ಕಸದ ಬುಟ್ಟಿಗೆ ಹಾಕಬೇಡಿ.